ಮಗಳ ಹೆಸರಿಲ್ಲದ ಕ್ಯಾಸೆಟ್ಟು

ಮಧ್ಯಾಹ್ನ ಹಿಡಿದ ಮಳೆ ಸಂಜೆಯಾದರೂ ಬಿಟ್ಟಿರಲಿಲ್ಲ. ಆ ವಾರ ಟೊರಾಂಟೊ ಬಳಿಯ ಎರಿನ್ ಮಿಲ್ಸ್‌ನ ನಮ್ಮ ಬೀದಿಯಲ್ಲಿ ಕಳ್ಳರು ಎರಡು ಮನೆ ಒಡೆದಿದ್ದರು. ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಯಾವ ಕ್ಯಾಮೆರಾ ಒಳ್ಳೆಯದು, ಯಾವ ಅಲಾರಂ ಒಳ್ಳೆಯದು ಎಂಬುದೇ ಮಾತು. ನಡುವೆ ಎಂಬತ್ತರ ಹತ್ತಿರದ ಶಿವಲಿಂಗಪ್ಪ ಕಾಕಾ ಒಂದು ಸಾಲು ಬರೆದರು: ದೊಡ್ಡ ಬ್ಲ್ಯಾಕೌಟಿನ ದಿನ ನಮ್ಮ ಮನೆಯನ್ನು ನಿಮ್ಮ ಕಾಕೂನೇ ಕಾಯ್ದಳು. ಬ್ಲ್ಯಾಕೌಟಿನ ಹೊತ್ತಿಗೆ ಕಾಕಾನ ಹೆಂಡತಿ ಕಾಕೂ ತೀರಿಕೊಂಡು ಎರಡು ವರ್ಷವಾಗಿತ್ತಲ್ಲ, ಕಾಕಾಗೆ ನೆನಪು ಕೈಕೊಡುತ್ತಿದೆ ಎಂದು ನಿಜಗುಣ ನಗುವ ಮುಖ ಹಾಕಿದ. ಆಮೇಲೆ ಕಾಕಾನ ಧ್ವನಿ ಸಂದೇಶ ಬಂತು.

"ಏನಲೇ ನಿಜಗುಣಾ, ನನಗ ನೆನಪಿಲ್ಲೇನು? ನೀ ಹುಟ್ಟಿದ ದಿವಸ ನಿಮ್ಮಪ್ಪ ಯಾವ ಸ್ವೆಟರ್ ಹಾಕ್ಕೊಂಡು ದವಾಖಾನಿಗೆ ಬಂದಿದ್ದ, ಹೇಳ್ಲೇನು? ಕಂದು ಬಣ್ಣದ್ದು, ಎಡಗೈ ಮೊಣಕೈ ಹರದಿತ್ತು. ನಿನಗ ನಿನ್ನಿ ಏನ್ ಉಂಡಿ ಗೊತ್ತಿಲ್ಲ, ನನಗ ಹೇಳಾಕ ಬಂದಾನ! ಬರ್ಕೋ. ಎರಡು ಸಾವಿರದ ಮೂರನೇ ಇಸ್ವಿ, ಆಗಸ್ಟ್ ಹದಿನಾಲ್ಕು, ಗುರುವಾರ, ಮಧ್ಯಾಹ್ನ ನಾಕೂ ಹತ್ತು. ಇಡೀ ಟೊರಾಂಟೊದ ಕರೆಂಟ್ ಹೋತು. ನನ್ನ ಕಿವಿ ಹೋಗ್ಯಾವ, ಒಪ್ಕೋತೇನಿ, ಈ ಮಷೀನ್ ಹಾಕ್ಕೊಂಡ್ರೂ ಬಾಗಲಾ ಬಡದದ್ದು ಕೇಳಂಗಿಲ್ಲ. ತಲಿ ಹೋಗಿಲ್ಲ. ನಗೋದಿದ್ರ ನಕ್ಕು ಮುಗಸ್ರಿ, ಆಮ್ಯಾಲೆ ಕೇಳ್ರಿ.

ಇದು ಶುರುವಾಗಿದ್ದು ಬಾಜೂಕಿನ ರತ್ನಾನ ಮನಿಯಿಂದ. ಹೌದಲ್ಲವಾ ರತ್ನಾ? ತೊಂಬತ್ತಾರನೇ ಇಸ್ವಿ ಬ್ಯಾಸಗಿ. ನೀವು ಮೈಸೂರಿನವರು, ಭಾಳ ಶಾಣ್ಯಾರು, ಬಂಗಾರಾನ ಅಕ್ಕಿ ಡಬ್ಬ್ಯಾಗ ಇಟ್ಟಿದ್ರಿ. ಕಳ್ಳರು ಸೀದಾ ಹೋಗಿ ಅಕ್ಕಿ ಡಬ್ಬೀನ ಬೋರಲ ಹಾಕಿದ್ರು! ಟೀವಿ ಮುಟ್ಟಲಿಲ್ಲ, ಕ್ಯಾಮೆರಾ ಮುಟ್ಟಲಿಲ್ಲ. ನಮ್ಮ ಮಂದಿ ಎಲ್ಲಿ ಏನು ಬಚ್ಚಿಡ್ತಾರ ಅಂತ ಅವರಿಗೆ ನಮ್ಮಕಿಂತ ಛಲೋ ಗೊತ್ತಿತ್ತು. ನಾನೂ ನಿಮ್ಮ ಕಾಕೂ ನೀಲಾಂಬಿಕಾನೂ ಬಂದು ಆ ಅಕ್ಕಿ ಬಳದಿವಿ, ನೆನಪೈತೇನು? ಅಕಿ ಅವತ್ತ ಮನೀಗೆ ಬಂದು ಗಪ್ಪಾಗಿ ಕುಂತ್ಲು. ಬಂಗಾರ ಹೋದ್ರ ಹೋಗ್ಲಿ ರೀ, ಒಳಗ ಕೂಸು ಇದ್ದಾಗ ಬಂದ್ರ ಏನ್ ಮಾಡೋದು... ಅಂದ್ಲು. ಶರ್ವಾಣಿಗೆ ಆಗ ಎಂಟು ವರ್ಷ.

ನಾನು ಬೋಲ್ಟನ್ನಿನ ವೇರ್‌ಹೌಸಿನ್ಯಾಗ, ಅಕಿ ಬಿಸ್ಕಿಟ್ ಪ್ಯಾಕಿಂಗಿನ್ಯಾಗ, ಕೂಸು ಸಾಲ್ಯಾಗ. ಹಗಲೆಲ್ಲಾ ಮನಿ ಖಾಲಿ. ಹಿಂದಿನ ಗಾಜಿನ ಬಾಗಲದ ಹಳಿಯೊಳಗ ಕಸಬರಿಗಿ ಕಟ್ಟಿಗಿ ಕತ್ತರಿಸಿ ಇಟ್ಟೆ, ಬಾಗಲಾ ಸರೀಬಾರದು ಅಂತ. ದೀಪಕ್ಕ ಟೈಮರ್ ಹಾಕಿದೆ. ಅಷ್ಟಕ್ಕ ಬಿಡೋ ಮನಶಾ ಅಲ್ಲ ನಾನು. ದೀಪ ಹತ್ತಿದ್ರೇನು, ಮಾತಿಲ್ಲದ ಮನಿ ಮನೀನ ಅಲ್ಲ, ಮನ್ಯಾಗ ದನಿ ಬೇಕು ಅಂತ ಜೆರಾರ್ಡ್ ಬಜಾರಕ್ಕ ಹೋಗಿ ಒಂದು ಟೇಪ್ ರಿಕಾರ್ಡರ್ ತಂದೆ. ಎರಡೂ ಕಡಿ ತಾನ ತಿರುಗೋದು, ಗ್ವಾಡಿ ಕರೆಂಟಿನ ಮ್ಯಾಲೆ ನಡಿಯೋದು, ಸೆಲ್ ಹಾಕಾಕ ಜಾಗಾನ ಇಲ್ಲ. ಇದು ನೆನಪಿಟ್ಕೋರಿ, ಸೆಲ್ ಇಲ್ಲ. ಪ್ಲೇ ಗುಂಡಿ ಒತ್ತಿ ಇಟ್ಟು ಟೈಮರಿಗೆ ಹಚ್ಚಿದ್ರ, ಹೊತ್ತಿಗೆ ಸರಿಯಾಗಿ ತಾನ ಮಾತಾಡೋದು.

ಏನ್ ಮಾತಾಡ್ಲಿ ರೀ, ಕಳ್ಳಗ ಕನ್ನಡ ತಿಳಿತೈತೇನು ಅಂತ ಕೇಳಿದ್ಲು ನೀಲಾ. ಕನ್ನಡ ತಿಳಿಯೋದು ಬ್ಯಾಡ, ಬೈದದ್ದು ಯಾವ ಭಾಷಾದಾಗ ಬೈದ್ರೂ ತಿಳಿತೈತಿ, ನನ್ನ ಬೈಯವಾ ಅಂದೆ. ನೋಡ್ರಿ... ಮದ್ವಿ ಆಗಿ ಹದಿನೈದು ವರ್ಷದ್ದು ಒಳಗ ಇಟ್ಕೊಂಡಿದ್ಲೋ ಏನೋ, ಕ್ಯಾಸೆಟ್ಟು ಎರಡೂ ಕಡಿ ತುಂಬೋತನಕ ನಿಲ್ಲಲಿಲ್ಲ! ಮದಲ ಕುಕ್ಕರು ಮೂರು ಸೀಟಿ ಹೊಡಿತಿತ್ತು, ಮೂರನೇದು ಅರ್ಧಕ್ಕ ನಿಲ್ತಿತ್ತು, ಅಕಿ ಒಲಿ ಆರಿಸಿದ್ಲಲ್ಲ, ಅದಕ್ಕ. ಆಮ್ಯಾಲೆ 'ಯಾರದು ಬಾಗಲದಾಗ? ಕಾಲ ಒರಸ್ಕೊಂಡು ಬರ್ರಿ!' ಅಂತ ಶುರು. ಹಸಿ ಟವೆಲ್ ಹಾಸಿಗಿ ಮ್ಯಾಲೆ ಒಗಿಯೋದು, ನಮ್ಮಕ್ಕ ದ್ಯಾಮವ್ವನ ಮುಂದ ಅಕಿ ಮಾಡಿದ ಪಲ್ಯಾಕ್ಕ ಹೆಸರಿಟ್ಟದ್ದು, ಎಲ್ಲಾ ಬಂತು. ನಡುವ ಒಂದು ಕಡೆ ನಗು ತಡೀಲಾರದ ಕೆಮ್ಮಿದ್ಲು.

ಈಗ ನನ್ನ ತಪ್ಪು ಹೇಳ್ತೇನಿ. ರಿಕಾರ್ಡ್ ಆಗೋವಾಗ ಊಟದ ಹೊತ್ತಾತು, ಶರ್ವಾಣಿ ಮ್ಯಾಲಿನ ಖೋಲ್ಯಾಗ ಇದ್ಲು. ಅಕೀನ ಕರೀಬೇಕಂತ ನೀಲಾ ಬಾಯಿ ತಗದ್ಲು. 'ಶ' ಅನ್ನೂದ್ರಾಗ ನಾ ಅಕಿ ಬಾಯಿ ಮ್ಯಾಲೆ ಕೈ ಇಟ್ಟೆ. ಯಾಕ? ಸಣ್ಣ ಕೂಸಿನ ಹೆಸರು ಕೇಳಿದ್ರ ಕಳ್ಳಗ ಈ ಮನ್ಯಾಗ ಕೂಸೈತಿ ಅಂತ ತಿಳಿತೈತಿ. ಭಾರಿ ಶಾಣ್ಯಾ ನಾನು! ಕ್ಯಾಸೆಟ್ಟಿನ್ಯಾಗ ಅದೊಂದು 'ಶ' ಅಷ್ಟ ಉಳೀತು. ಆಮ್ಯಾಲೆ ಸುಮ್ಮನ... ಆಮ್ಯಾಲೆ ಮತ್ತ ಟವೆಲ್ಲು."

ಮೊದಲ ಧ್ವನಿ ಇಲ್ಲಿಗೆ ನಿಂತಿತು. 'ಕುಕ್ಕರ್ ಆಫ್ ಮಾಡ್ಬಿಟ್ಟು ಮಾತಾಡಿ ಕಾಕಾ, ವಿಷಲ್ ಅಡ್ಡ ಬರ್ತಿದೆ' ಎಂದು ರತ್ನಾ ಬರೆದರು. ಎರಡನೆಯ ಧ್ವನಿ ಬರಲು ಹೊತ್ತಾಗಲಿಲ್ಲ.

"ಯಾವ ಕುಕ್ಕರವಾ? ನಿನ್ನ ಮನೀದ ಇರಬೇಕು, ಹೋಗಿ ನೋಡ್ಕೋ. ನಾ ಎಲ್ಲಿದ್ದೆ... ಹಾಂ. ಐದು ವರ್ಷ ಛಲೋ ನಡೀತು. ಅಂಚೆ ಹಾಕೋ ಹುಡುಗ ಸೈತ ಒಂದು ದಿನ ನನ್ನ ಹಿಡದು, ನಿನ್ನ ಹೆಂಡತಿಗೆ ಯಾಕ ಅಷ್ಟು ಸಿಟ್ಟು, ಆರಾಮದಾರಲ್ಲ ಅಂತ ಕೇಳಿದ್ದ! ಎರಡು ಸಾವಿರದ ಒಂದು ಫೆಬ್ರುವರಿ. ಪ್ಯಾಕಿಂಗ್ ಲೈನಿನ್ಯಾಗ ನಿಂತಾಕಿ ನಿಂತಲ್ಲೆ ಬಿದ್ಲು. ಮೆದುಳಿನ್ಯಾಗ ರಕ್ತ ಅಂದ್ರು. ನಾ ಬೋಲ್ಟನ್ನಿನಿಂದ ಹಿಮದಾಗ ಗಾಡಿ ಹೊಡ್ಕೊಂಡು ದವಾಖಾನಿ ಮುಟ್ಟೂದ್ರಾಗ ಮುಖದ ಮ್ಯಾಲೆ ಬಟ್ಟಿ ಎಳದಿದ್ರು.

ಅಕಿ ಸೀರಿ ಬೇಕಿತ್ತು, ಅದಕ್ಕ ಮನೀಗೆ ಬಂದೆ. ಬಾಗಲಾ ತಗದೆ... 'ಯಾರದು ಬಾಗಲದಾಗ? ಕಾಲ ಒರಸ್ಕೊಂಡು ಬರ್ರಿ!' ಹೇಳ್ರಿ ಈಗ, ಏನ್ ಮಾಡ್ಬೇಕಿತ್ತು ನಾನು? ಬೂಟು ಕಳದೆ, ಕಾಲ ಒರಸ್ಕೊಂಡೆ. ಅಲ್ಲೇ ಮ್ಯಾಟಿನ ಮ್ಯಾಲೆ ಕುಂತು ಪೂರ್ತಿ ಒಂದು ಕಡಿ ಬೈಸ್ಕೊಂಡೆ.

ಆಮ್ಯಾಲೆ ಆ ಟೈಮರ್ ತಗೀಲಿಲ್ಲ. ಶರ್ವಾಣಿಗೆ ಹದಿಮೂರು. ಸಾಲಿಯಿಂದ ಮೂರೂವರಿಗೆ ಬಂದು ಬಾಗಲಾ ತಗದ್ರ ಸತ್ತ ತಾಯಿ ದನಿ. 'ಅಪ್ಪಾ, ಪ್ಲೀಸ್ ಟರ್ನ್ ಇಟ್ ಆಫ್' ಅಂತಿದ್ಲು. ಕಳ್ಳರು ಕೂಸಾ, ಕಳ್ಳರ ಸಲುವಾಗಿ ಅಂತಿದ್ದೆ. ಸುಳ್ಳು. ಕಳ್ಳರು ಎಲ್ಲಿ ಹಾಳಾಗಿ ಹೋದ್ರೂ ನನಗೇನು... ಎರಡು ತಿಂಗಳಾದ ಮ್ಯಾಲೆ ಅಕಿ ಬ್ಯಾಡ ಅನ್ನೋದನ್ನ ಬಿಟ್ಲು. ಒಂದಿನ ಶಿಫ್ಟ್ ಲಗೂನ ಬಿಡ್ತು, ಬಂದು ನೋಡ್ತೇನಿ, ಟೇಪಿನ ಮುಂದ ಕುಂತು ರೀವೈಂಡ್ ಮಾಡ್ತಾಳ, ಕೇಳ್ತಾಳ, ಮತ್ತ ರೀವೈಂಡ್ ಮಾಡ್ತಾಳ. ಆ ಒಂದ 'ಶ'. ಅಷ್ಟು ಸಣ್ಣ ಕಡೆ ತಿಕ್ಕಿ ತಿಕ್ಕಿ ಟೇಪು ಸವದಿತ್ತು.

'ಇಡೀ ಕ್ಯಾಸೆಟ್ಟು ನಿನ್ನ ಬೈತಾಳ. ಯೂ ಗಾಟ್ ಆಲ್ ಆಫ್ ಇಟ್. ನನ್ನ ಹೆಸರು ಒಂದು ಸಲಾನೂ ಇಲ್ಲ' ಅಂದ್ಲು. ನಾ ಕೈ ಇಟ್ಟದ್ದು ಹೇಳಲಿಲ್ಲ. ಹೆಂಗ ಹೇಳ್ಲಿ?

ಈಗ ಆ ಗುರುವಾರ. ನನ್ನ ಶಿಫ್ಟು ಹನ್ನೆರಡಕ್ಕ ಶುರು, ಸಾಲಿ ಸೂಟಿ, ಹುಡುಗಿ ಒಬ್ಬಾಕೀನ ಮನ್ಯಾಗ. ಕರೆಂಟ್ ಹೋತು. ವೇರ್‌ಹೌಸಿನ್ಯಾಗ ಬೆಲ್ಟು ನಿಂತ್ವು, ಫೋನ್ ಹತ್ತವಲ್ದು, ನಾ ಗಾಡಿ ತಗದೆ. ಒಂದು ಸಿಗ್ನಲ್ಲೂ ಇಲ್ಲ, ಪ್ರತಿ ಕ್ರಾಸಿಗೂ ಯಾರೋ ಪುಣ್ಯಾತ್ಮರು ಇಳದು ಕೈಲೆ ಗಾಡಿ ಬಿಡ್ತಿದ್ರು. ಮನಿ ಮುಟ್ಟೂದ್ರಾಗ ಹೊತ್ತು ಮುಳುಗಾಕ ಬಂದಿತ್ತು. ದಾರಿ ತುಂಬ ತಲ್ಯಾಗ ಒಂದ: ದೀಪ ಇಲ್ಲ, ಟೇಪಿಲ್ಲ, ಇವತ್ತ ನಮ್ಮ ಮನಿ ಮೂಕಾಗೈತಿ.

ಇತ್ತ ಮನ್ಯಾಗ ಸೆಕಿ ತಡಿಯಾಕಾಗದ ಹುಡುಗಿ ಗಾಜಿನ ಬಾಗಲದ ಕಟ್ಟಿಗಿ ತಗದು ಒಂದು ಗೇಣು ಸರಿಸಿ, ತಂಪಿಗೆ ಅಂತ ಬೇಸ್‌ಮೆಂಟಿಗೆ ಹೋಗಿ ಸೋಫಾದ ಮ್ಯಾಲೆ ಒರಗಿದ್ಲು. ಕಣ್ಣು ಹತ್ತಿತ್ತು. ಆವಾಗ ಮ್ಯಾಲೆ ಕುಕ್ಕರು ಸೀಟಿ ಹೊಡೀತು. ಒಂದು... ಎರಡು... ಮೂರನೇದು ಅರ್ಧಕ್ಕ ನಿಂತಿತು. ಕರೆಂಟ್ ಬಂತು ಅನ್ಕೊಂಡ್ಲು. ಸ್ವಿಚ್ ಒತ್ತಿದ್ಲು, ದೀಪ ಹತ್ತಲಿಲ್ಲ. 'ಯಾರದು ಬಾಗಲದಾಗ?' ಅಂತು ದನಿ. ದಿನಾ ಕೇಳೋ ಹಂಗ ಅಲ್ಲ, ಸಿಟ್ಟಿಲೆ ಅಲ್ಲ, ದನಿ ಸಣ್ಣ ಮಾಡಿ, ಹಲ್ಲು ಕಚ್ಚಿ. ಆಮ್ಯಾಲೆ ಮೆಟ್ಟಲ ಮ್ಯಾಲಿಂದ...

'ಶರ್ವಾಣೀ.'

ಪೂರ್ತಿ. 'ಶರ್ವಾಣೀ, ಮ್ಯಾಲೆ ಬಾ. ಚಪ್ಪಲಿ ಹುಡುಕಬ್ಯಾಡ. ಮುಂದಿನ ಬಾಗಲಾ ತಗಿ, ರತ್ನಾ ಆಂಟಿ ಮನೀಗೆ ಓಡು. ಹಿಂದ ನೋಡಬ್ಯಾಡ.'

ರತ್ನಾ, ಬರಿಗಾಲಲೆ ಬಂದಳೋ ಇಲ್ಲೋ ನೀನ ಹೇಳು. ನಿನ್ನ ಗಂಡ ಸತ್ಯಪ್ರಕಾಶ ಬೇಸ್‌ಬಾಲ್ ಬ್ಯಾಟ್ ತಗೊಂಡು ನಮ್ಮ ಹಿತ್ತಲಕ್ಕ ಹೋದಾಗ ಗಾಜಿನ ಬಾಗಲಾ ಪೂರಾ ತಗದಿತ್ತು. ಅಡಗಿ ಮನ್ಯಾಗ ಒಂದು ಉದ್ದನ್ನ ಸ್ಕ್ರೂಡ್ರೈವರ್, ಒಂದು ದಿಂಬಿನ ಚೀಲ ಬಿದ್ದಿದ್ವು, ಅಕ್ಕಿ ಡಬ್ಬಿ ಮುಚ್ಚಳ ತಗದಿತ್ತು. ಒಬ್ಬ ಮನಶಾ ಬೇಲಿ ಹಾರಿ ಓಡಿದ್ದನ್ನ ಸತ್ಯಪ್ರಕಾಶ ಕಣ್ಣಲೆ ಕಂಡಾನ. ಎರಡೂ ಕೈಲೆ ಕಿವಿ ಮುಚ್ಕೊಂಡು ಓಡಿದನಂತ. ಕರೆಂಟಿಲ್ಲದ ಮನಿಯಿಂದ ಯಾವ ದನಿಗೆ ಕಿವಿ ಮುಚ್ಕೊಂಡ ಅಂವ?

ನಾ ಬಂದಾಗ ಶರ್ವಾಣಿ ರತ್ನಾನ ಮೆಟ್ಟಲ ಮ್ಯಾಲೆ ಕುಂತಿದ್ಲು. ಅಳ್ತಿದ್ಲೋ ನಗ್ತಿದ್ಲೋ ಗೊತ್ತಾಗವಲ್ದು. 'ಅಪ್ಪಾ, ಶೀ ಸೆಡ್ ಮೈ ನೇಮ್' ಅಂದ್ಲು.

ಮರದಿನ ಕರೆಂಟ್ ಬಂತು. ನಾ ಟೇಪ್ ಹಚ್ಚಿದೆ. ಸುಂಯ್... ಅಂತ ಬರೇ ಗಾಳಿ. ತಿರುವಿ ಹಾಕಿದೆ, ಆ ಕಡೀನೂ ಗಾಳಿ. ಸೀಟಿ ಇಲ್ಲ, ಟವೆಲ್ ಇಲ್ಲ, ಆ ಕೆಮ್ಮಿಲ್ಲ. ಇದ್ದ ಮಾತೆಲ್ಲಾ ಖರ್ಚು ಮಾಡಿ ಮಗಳ ಹೆಸರು ಕರದಿದ್ಲು. ಇದನ್ನ ಇವತ್ತಿನ ತನಕ ಯಾರಿಗೂ ಹೇಳಿಲ್ಲ, ಬೈದ್ರ ಬೈರಿ: ಮಗಳು ಉಳದಳು ಅಂತ ಅಳೋಕಿಂತ ಮದಲ ನನ್ನ ಬೈಯೋ ದನಿ ಹೋತಲ್ಲಾ ಅಂತ ಅತ್ತೇನಿ."

ಮಳೆ ಜೋರಾಯಿತು. 'ವಿಷಲ್ ನಮ್ಮನೇದಲ್ಲ ಕಾಕಾ. ಈಗ್ಲೂ ನಿಮ್ಮ ಧ್ವನೀಲೇ ಬಂತು, ಮೂರು' ಎಂದು ರತ್ನಾ ಬರೆದರು. 'ಕಾಕಾ, ನಿಮ್ಮ ಬಾಜೂಕ ಯಾರದಾರ? ಹೆಣ್ಣಮಗಳ ದನಿ ಕೇಳ್ತೈತಿ' ಎಂದು ನಿಜಗುಣ. ಆಮೇಲೆ ಕೊನೆಯ ಧ್ವನಿ ಬಂತು.

"ಮೂರು ಅಂದ್ಯಾ ರತ್ನಾ... ಮೂರನೇದು ಅರ್ಧಕ್ಕ ನಿಂತಿತೇನು? ಬರೀಬ್ಯಾಡ ಬಿಡು. ನನಗ ಗೊತ್ತಾತು.

ನನ್ನ ಮನ್ಯಾಗ ಕುಕ್ಕರಿಲ್ಲವಾ. ಬೆಂಕಿ ಬ್ಯಾಡ ಅಂತ ಶರ್ವಾಣಿ ಒಲೀನೂ ತಗಸಿ ಹಾಕ್ಯಾಳ, ಬ್ರೆಡ್ಡು, ಮೈಕ್ರೋವೇವು, ಮುಗೀತು. ಆ ಟೇಪ್ ರಿಕಾರ್ಡರ್ ಇಲ್ಲೇ ಮೇಜಿನ ಮ್ಯಾಲೈತಿ, ವಾಯರ್ ಸುತ್ತಿ ಇಟ್ಟೇನಿ. ನಾ ಒಬ್ಬನ ಕುಂತೇನಿ. ನನಗೇನೂ ಕೇಳವಲ್ದು... ಇಪ್ಪತ್ತು ವರ್ಷದ ಮ್ಯಾಲಾತು, ಒಂದು ಸಲ ಬೈಲಿ ಅಂತ ಕಿವಿ ತಗದು ಕುಂತೇನಿ. ಅಕಿ ಬರೋದ್ರಾಗ ಕಿವೀನ ಇಲ್ಲ ನೋಡ್ರಿ.

ನಿಜಗುಣಾ, ಏನಂತಾಳ ಅಂತ ನನಗ ಹೇಳಬ್ಯಾಡ. ಒಂದು ಕೆಲಸ ಮಾಡ್ರಿ. ಈ ಮಾತು ಅಳಿಸಬ್ಯಾಡ್ರಿ, ನನ್ನ ಮಗಳಿಗೆ ಕಳಸ್ರಿ. ನಾ ಕಳಸಿದ್ರ ಕೇಳಂಗಿಲ್ಲ ಅಕಿ. ಈಗ ದೊಡ್ಡಾಕಿ ಆಗ್ಯಾಳಲ್ಲ, 'ಅಪ್ಪಾ, ನಾ ಸಣ್ಣಾಕಿ ಇದ್ದೆ, ಹೆದರಿದ್ದೆ, ಐ ಮಸ್ಟ್ ಹ್ಯಾವ್ ಇಮ್ಯಾಜಿನ್ಡ್ ಇಟ್' ಅಂತಾಳ. ಅವರವ್ವನ ಬಾಯಿ ಮ್ಯಾಲೆ ಕೈ ಇಟ್ಟಾಂವ ನಾನು ಅಂತಾನೂ ಇದ್ರಾಗ ಕೇಳ್ಲಿ. ನಿಮಗ ಬೇಕಾದವರಿಗೂ ಕಳಸ್ರಿ, ಹಗಲೆಲ್ಲಾ ಖಾಲಿ ಇರೋ ಮನಿ ಯಾರ್ಯಾರದೈತಿ ಎಲ್ಲಾರಿಗೂ.

ಶರ್ವಾಣಿ ಮಗಳೂ ಸಾಲಿಯಿಂದ ಮೂರೂವರಿಗೆ ಒಬ್ಬಾಕೀನ ಬರ್ತಾಳ. ಕೂಸಿಗೆ ಇಷ್ಟು ಹೇಳ್ರಿ ಸಾಕು: ಮನ್ಯಾಗ ಯಾರೂ ಇಲ್ಲದಾಗ ಕುಕ್ಕರ್ ಸೀಟಿ ಹೊಡದು, ಯಾರೋ ನಿನ್ನ ಹೆಸರು ಹಿಡದು ಕರದ್ರ... ಯಾರು ಅಂತ ಕೇಳಬ್ಯಾಡ. ಚಪ್ಪಲಿ ಹುಡುಕಬ್ಯಾಡ. ಬಾಗಲಾ ತಗದು ಓಡು."