ಲವೋನ್ ಮೂರು ಸಲ ತಟ್ಟಿದಳು

ಅದಕ್ಕೆ ಏನೋ ಅಂತಾರಲ್ಲ ನಮ್ಮ ಕಡೆ... ಗಾಳದ ದಾರಕ್ಕೆ ಕಟ್ಟುತ್ತಾರೆ, ನೀರಿನ ಮೇಲೆ ತೇಲುತ್ತಿರುತ್ತೆ, ಮೀನು ಎಳೆದರೆ ಮುಳುಗುತ್ತೆ... ಬೆಂ... ಬೆಂಡು! ಹ್ಞಾಂ, ಬೆಂಡು. ಹಳೆಯ ಕಾರುಗಳ ಕಾರ್ಬ್ಯುರೇಟರಿನ ಹೊಟ್ಟೆಯಲ್ಲೂ ಅಂಥದೊಂದು ಇರುತ್ತೆ. ಹಿತ್ತಾಳೆಯದು, ಒಳಗೆ ಟೊಳ್ಳು. ಪೆಟ್ರೋಲ್ ತುಂಬಿದ ಹಾಗೆ ಅದು ಮೇಲೇಳುತ್ತೆ, ಸೂಜಿಯೊಂದನ್ನು ಒತ್ತಿ ಪೆಟ್ರೋಲ್ ಬರುವ ಬಾಯಿಯನ್ನು ಮುಚ್ಚುತ್ತೆ. ಬೆಂಡಿಗೆ ಕೂದಲೆಳೆಯಷ್ಟು ತೂತು ಬಿದ್ದರೂ ಸಾಕು, ಒಳಗೆ ಪೆಟ್ರೋಲ್ ಸೇರಿ ಅದೇ ಮುಳುಗುತ್ತೆ. ಬಾಯಿ ಮುಚ್ಚುವುದಿಲ್ಲ. ಪೆಟ್ರೋಲ್ ಉಕ್ಕಿ ಇಂಜಿನ್ ಸತ್ತು ಹೋಗುತ್ತೆ. ಇಷ್ಟು ತಿಳಿದಿದ್ದರೆ ಸಾಕು. ಉಳಿದದ್ದು ನಮ್ಮ ಎದುರುಮನೆಯ ವೆಂಡೆಲ್ ಕ್ರೌಸನಿಗೆ ಆದದ್ದು. ನಾನು ಕಟ್ಟಿ ಹೇಳುತ್ತಿಲ್ಲ.

ಆಗ ನಾವಿನ್ನೂ ವಿಸ್ಕಾನ್ಸಿನ್ನಿನಲ್ಲಿದ್ದೆವು. ಸೆಪ್ಟೆಂಬರ್, ಶುಕ್ರವಾರ ರಾತ್ರಿ. ಎಲ್ಲ ಶುಕ್ರವಾರದಂತೆ ವೆಂಡೆಲ್ ಕ್ಲಬ್ಬಿನಲ್ಲಿ ಹುರಿದ ಮೀನು ತಿಂದು, ಎರಡು ಬ್ರಾಂಡಿ ಏರಿಸಿ ಎದ್ದ. ಅಲ್ಲಿ ಊಟ ಬಡಿಸುತ್ತಿದ್ದವಳು ಅವನ ನಾದಿನಿ ಡಾರ್ಲಾ. ಬಾಗಿಲಲ್ಲಿ ಅಡ್ಡ ನಿಂತಳು.

"ನಾಳೆ ಹಳೇ ಕಾರುಗಳ ಪ್ರದರ್ಶನಕ್ಕೆ ಅದೇ ಕಾರು ತಗೊಂಡು ಹೋಗ್ತೀಯಾ ಭಾವ?"

"ಇನ್ನೇನು, ನಿನ್ನ ಡಬ್ಬಾ ವ್ಯಾನ್ ತಗೊಂಡು ಹೋಗ್ಲಾ?"

"ನನ್ನ ಡಬ್ಬಾ ಆಗಿದ್ರೆ ಅಕ್ಕನ್ನ ಮನೆ ಮುಟ್ಟಿಸ್ತಿತ್ತು."

"ಎಷ್ಟು ಸಲ ಹೇಳ್ಲೇ ನಿಂಗೆ? ಆಕ್ಸಿಲರೇಟರ್ ಪೆಡಲ್ ತುಳಿದೂ ತುಳಿದೂ ಅವಳೇ ಪೆಟ್ರೋಲ್ ಉಕ್ಕಿಸಿದ್ಲು. ತುಳೀಬೇಡ ಅಂತ ಮೂವತ್ತು ವರ್ಷ ಬಡ್ಕೊಂಡೆ."

"ಹೇಳು, ಹೇಳು. ಸತ್ತೋಳು ಎದುರು ಮಾತಾಡಲ್ಲವಲ್ಲ."

ವೆಂಡೆಲ್ ಟೋಪಿ ಹಾಕಿಕೊಂಡು ಹೊರಬಿದ್ದ.

ಅವನ ಹೆಂಡತಿ ಲವೋನ್ ಸತ್ತು ಹತ್ತು ತಿಂಗಳಾಗಿತ್ತು. ಅಲ್ಲಿ ಹಿಮ ಗಟ್ಟಿಯಾಗದಿರಲಿ ಅಂತ ಅದು ಬೀಳುವ ಮೊದಲೇ ರಸ್ತೆಗೆ ಉಪ್ಪು ಸುರಿಯುತ್ತಾರೆ. ಹಳೇ ಕಾರು ಸಾಕಿದವರಿಗೆ ಉಪ್ಪೆಂದರೆ ಸಾವು, ತಗಡು ತಿಂದು ಹಾಕುತ್ತೆ. ಆದ್ದರಿಂದ ಉಪ್ಪಿನ ಲಾರಿ ಬರುವ ಮೊದಲೇ, ಮನೆಯ ಗ್ಯಾರೇಜನ್ನು ದಿನದ ಕಾರಿಗೆ ಬಿಟ್ಟು, ಚಳಿಗಾಲ ಮುಗಿಯುವವರೆಗೆ ಯಾರದಾದರೂ ಕೊಟ್ಟಿಗೆಗೆ ಹಳೇ ಕಾರನ್ನು ಸೇರಿಸಿಬಿಡುತ್ತಾರೆ. ಹಿಂದಿನ ನವೆಂಬರಿನ ಆ ಭಾನುವಾರ ಮೋಡ ಕವಿದಿತ್ತು, ವೆಂಡೆಲನಿಗೆ ಸೊಂಟ ಹಿಡಿದಿತ್ತು. ಚರ್ಚಿನಿಂದ ಆಗಷ್ಟೇ ಬಂದ ಹೆಂಡತಿಗೆ ಬಟ್ಟೆ ಬದಲಿಸಲೂ ಬಿಡಲಿಲ್ಲ. "ಓಡು, ಓಡು, ಉಪ್ಪು ಬೀಳತ್ತೆ" ಅಂತ ಕಳಿಸಿದ. ದಾರಿಯಲ್ಲಿ ಕಾರು ನಿಂತಿತು. ಹಿಮ ಸುರಿಯಿತು. ಆಗೆಲ್ಲ ಕೈಯಲ್ಲಿ ಫೋನ್ ಇರುತ್ತಿರಲಿಲ್ಲ. ಅವಳು ನಡೆದು ಹೊರಟಳು... ಮಾರನೆಯ ದಿನ ಕಲ್ಲುಕ್ವಾರಿಯ ಹೊಂಡದ ಪಕ್ಕ ಸಿಕ್ಕಳು. ಒಂದು ಕಾಲಲ್ಲಿ ಬರೀ ಕಾಲುಚೀಲ. ಆ ಕಾಲಿನ ಷೂ ಕೈಯಲ್ಲಿತ್ತು, ಅದರ ಹಿಮ್ಮಡಿ ಮುರಿದಿತ್ತು. ಚಳಿಗೆ ಬುದ್ಧಿ ಕೆಟ್ಟಿರಬೇಕು ಅಂದರು ಪೊಲೀಸರು.

ಪೆಡಲ್ ತುಳಿದು ಕಾರು ನಿಲ್ಲಿಸಿಕೊಂಡಳು ಅಂದ ವೆಂಡೆಲ್.

ಈಗ ಕ್ಲಬ್ಬಿನಿಂದ ಮನೆಗೆ ಅವನು ಅದೇ ಹೊಂಡದ ದಾರಿಯಲ್ಲಿ ನಡೆಯುತ್ತಿದ್ದ. ಗಾಳಿ ಇರಲಿಲ್ಲ. ಜೀರುಂಡೆಗಳು ಕಿರ್ರ್ ಅನ್ನುತ್ತಿದ್ದವು. ಹೊಂಡ ಹತ್ತಿರವಾದಾಗ... ಒಟ್ಟಿಗೇ ನಿಂತವು. ಹಿಂದೆ ಹೆಜ್ಜೆ. ಟಕ್... ಸರ್. ಟಕ್... ಸರ್. ಒಂದು ಕಾಲಿಗೆ ಷೂ ಇದೆ, ಇನ್ನೊಂದಕ್ಕಿಲ್ಲ. ಅವನು ತಿರುಗಿ ನೋಡಲಿಲ್ಲ. ಸೊಂಟದ ನೋವು ಮರೆತು ಓಡಿದ.

ಮನೆ ತಲುಪಿದಾಗ ಗ್ಯಾರೇಜಿನೊಳಗೆ ಸದ್ದು.

ಟೊಕ್. ಟೊಕ್. ಟೊಕ್.

ಕಬ್ಬಿಣದ ಸದ್ದಲ್ಲ. ಮೊಂಡಾದ, ಮೆತ್ತನೆಯ ಸದ್ದು. ಬಾಗಿಲು ಎತ್ತಿದರೆ ಕಾರಿನ ಬಾನೆಟ್ ತೆರೆದಿದೆ. ಪೆಟ್ರೋಲ್ ವಾಸನೆ ಮೂಗಿಗೆ ಹೊಡೆಯಿತು. ತೊಟ್... ತೊಟ್... ಕಾರ್ಬ್ಯುರೇಟರಿನಿಂದ ಹನಿ ಬೀಳುತ್ತಿತ್ತು. ಎಂಟು ದಿನದಿಂದ ಆ ಇಂಜಿನ್ ತಿರುಗಿಲ್ಲ. ತಿರುಗದೆ ಅದರ ಪಂಪು ಒಂದು ಹನಿಯನ್ನೂ ಮೇಲೆತ್ತುವುದಿಲ್ಲ. ವೆಂಡೆಲನಿಗೆ ಇದು ಯಾರಿಗಿಂತ ಚೆನ್ನಾಗಿ ಗೊತ್ತು.

ಹೆದರಿಕೆಯಲ್ಲೂ ಅವನ ಕೈ ಕೆಲಸಕ್ಕಿಳಿಯಿತು, ಅಭ್ಯಾಸ ಹಾಗೆ. ಕಾರ್ಬ್ಯುರೇಟರಿನ ಮುಚ್ಚಳ ಬಿಚ್ಚಿದ. ಸೂಜಿ ನೋಡಿದ, ಸವೆದಿಲ್ಲ. ಬಾಯಿಯಲ್ಲಿ ಕಸ ಇಲ್ಲ. ಉಳಿದದ್ದು ಬೆಂಡು. ಬಿಚ್ಚಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ.

ಗುಳುಕ್.

ಈ ಸದ್ದನ್ನು ಅವನು ಹೊಸದಾಗಿ ಕೇಳಿದ್ದಲ್ಲ. ಅವಳು ಸಾಯುವ ಒಂದು ತಿಂಗಳು ಮೊದಲೇ ಕೇಳಿದ್ದ. ತೂತಿಗೆ ಬೆಸುಗೆ ಹಾಕಬಹುದಿತ್ತು, ಹೊಸ ಬೆಂಡು ತರಬಹುದಿತ್ತು. ಆದರೆ ಆ ಕಾರಿನಲ್ಲಿ ಹುಟ್ಟಿದಾಗಿನಿಂದ ಒಂದು ಪುರ್ಜೆಯೂ ಬದಲಾಗಿಲ್ಲ, ಒಂದಕ್ಕೂ ಬೆಸುಗೆ ಬಿದ್ದಿಲ್ಲ ಅಂತ ಪ್ರದರ್ಶನದವರಿಗೆ ಅವನು ಸಹಿ ಹಾಕಿ ಕೊಟ್ಟಿದ್ದ. ಮೊದಲ ಬಹುಮಾನ ಅಂಥ ಕಾರಿಗೇ. ಯಾರೂ ಬಿಚ್ಚಿ ನೋಡುತ್ತಿರಲಿಲ್ಲ. ಆದರೂ ಸುಳ್ಳಿಗೆ ಸಹಿ ಹಾಕುವ ಮನುಷ್ಯ ಅವನಲ್ಲ. ಹಿತ್ತಾಳೆಯ ಚೂರಿನ ಬಗ್ಗೆ ಸುಳ್ಳು ಹೇಳಲಾರದವನು ಹೆಂಡತಿಯ ಬಗ್ಗೆ ಹತ್ತು ತಿಂಗಳು ಹೇಳಿದ.

ಬೆಂಡನ್ನು ಹಾಗೇ ಒಳಗಿಟ್ಟು ಹೆಂಡತಿಗೆ ಉಪಾಯ ಹೇಳಿಕೊಟ್ಟಿದ್ದ: "ಪೆಟ್ರೋಲ್ ಉಕ್ಕಿದ್ರೆ ಪೆಡಲ್ ಮುಟ್ಬೇಡ. ಇಳಿದು ಬಾನೆಟ್ ಎತ್ತು. ಸುತ್ತಿಗೆಯ ಮರದ ಹಿಡಿಯಿಂದ ಕಾರ್ಬ್ಯುರೇಟರಿನ ಪಕ್ಕಕ್ಕೆ ಮೂರು ಸಲ ತಟ್ಟು." ಆದರೆ ಮರದ ಹಿಡಿ ಎಲ್ಲಿತ್ತು? ಡಿಕ್ಕಿ ಹೊಸದರಂತೆ ಕಾಣಲಿ ಅಂತ ಉಪಕರಣಗಳನ್ನೆಲ್ಲ ಅವನೇ ಎತ್ತಿಟ್ಟಿದ್ದ.

ಲವೋನಳ ಷೂ ಕಾಲಿಂದ ಕೈಗೆ ಯಾಕೆ ಬಂತು ಅನ್ನುವುದು ಅವನೊಬ್ಬನಿಗೇ ಗೊತ್ತಿತ್ತು.

ಕಾರಿನ ಆಚೆ ಬದಿಯಿಂದ, ತೀರಾ ಮೆಲ್ಲಗೆ...

"ಮೂರು ಸಲ ತಟ್ಟಿದೆ, ವೆಂಡೆಲ್."

ಅವನು ಬೆಂಡನ್ನು ಮುಷ್ಟಿಯಲ್ಲಿ ಮುಚ್ಚಿದ.

"ನೀ ಹೇಳಿದ ಹಾಗೇ."

"ಗೊತ್ತು ಲವೋನ್," ಅಂದ. "ಗೊತ್ತು ಕಣೇ."

ಹನಿ ನಿಂತಿತು. ಟಕ್... ಸರ್. ಟಕ್... ಸರ್. ಬಾಗಿಲವರೆಗೆ ಹೋಗಿ ಅದೂ ನಿಂತಿತು.

ಅವನು ಬೆಂಡನ್ನು ಅಡುಗೆಮನೆಗೆ ಒಯ್ದ. ಬಾಣಲೆಯಲ್ಲಿ ನೀರು ಕುದಿಸಿ, ಒಲೆ ಆರಿಸಿ, ಬೆಂಡನ್ನು ಅದರಲ್ಲಿ ಅದುಮಿ ಹಿಡಿದ. ಹಳೇ ಕಾರಿನವರು ಬೆಂಡಿನ ತೂತು ಹುಡುಕುವುದು ಹಾಗೆ. ಬಿಸಿಗೆ ತೂತಿನಿಂದ ಗುಳ್ಳೆ ಏಳುತ್ತೆ. ಎದ್ದವು. ಸಣ್ಣ ಸಣ್ಣ ಗುಳ್ಳೆಗಳು, ಒಂದರ ಹಿಂದೊಂದು, ಬುಳ್ ಬುಳ್ ಬುಳ್... ಆಮೇಲೆ ನಿಂತವು.

ಬೆಳಗಿನ ಜಾವ ನಮ್ಮ ಬಾಗಿಲು ಬಡಿದ. ಬಾಣಲೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ರಾತ್ರಿ ನಡೆದದ್ದೆಲ್ಲ ಹೇಳಿದ.

"ಡಾರ್ಲಾಗೆ ನೀವು ಹೇಳಿ," ಅಂದ. "ಲವೋನ್ ಪೆಡಲ್ ತುಳೀಲಿಲ್ಲ. ನನ್ನ ಬಾಯಲ್ಲಿ ಬರಲ್ಲ."

ಹೇಳಿದೆ. ಡಾರ್ಲಾ ತಟ್ಟೆ ಒರೆಸುತ್ತಿದ್ದವಳು ತಲೆ ಎತ್ತಲಿಲ್ಲ. "ನಂಗೆ ಗೊತ್ತಿತ್ತು. ಅವನು ಸಮಾಧಿ ಮುಂದೆ ನಿಂತು ಹೇಳ್ಲಿ. ಊರೆಲ್ಲ ಕೇಳೋ ಹಾಗೆ." ಅವನು ಹೇಳಲಿಲ್ಲ. ಕಾರನ್ನು ದೂರದವರಿಗೆ ಮಾರಿದ, ಕ್ರಿಸ್‌ಮಸ್ಸಿಗೆ ಊರೂ ಬಿಟ್ಟ. ಪೆಡಲ್ ತುಳಿದು ಸತ್ತವಳು ಅಂತಲೇ ಆ ಊರು ಲವೋನಳನ್ನು ಇವತ್ತಿಗೂ ನೆನೆಯುತ್ತೆ.

ಆ ಬಾಣಲೆ? ನಮ್ಮ ಮೆಟ್ಟಿಲ ಮೇಲೇ ಇಟ್ಟು ಹೋಗಿದ್ದ. ಹಿತ್ತಿಲಲ್ಲಿ ಟೊಮೆಟೊ ಇನ್ನೂ ಹಣ್ಣಾಗುತ್ತಿದ್ದ ಕಾಲ ಅದು. ಬಾಣಲೆ ತುಂಬ ಮಂಜುಗಡ್ಡೆ. ನಡುವೆ ಬೆಂಡು ಕಚ್ಚಿಕೊಂಡಿತ್ತು. ಈ ಬೆರಳಿಂದಲೇ ಮುಟ್ಟಿದೆ, ಚರ್ಮ ಅಂಟಿತು. ಮಧ್ಯಾಹ್ನದ ಬಿಸಿಲಿಗೂ ಕರಗಲಿಲ್ಲ.

ನಗಬೇಡ ಮಗಾ, ಆದದ್ದೇ ಹೇಳ್ತಿದ್ದೀನಿ. ಆ ಪೆನ್ ತಗೋ. ಅವಳ ಹೆಸರು ಲವೋನ್ ಕ್ರೌಸ್. ಪೆಡಲ್ ತುಳೀಲಿಲ್ಲ ಅಂತ ಬರಿ.