ಬೀಡಿ ಬಿಟ್ಟವನ ಮಿಶ್ರಿ

ದ್ರೌಪದೀ, ಇಲ್ಲಿ ಬಾ. ಭಾಳ ಗಂಭೀರ ವಿಷಯ ಅದ. ನನ್ನ ಮಿಶ್ರಿ ಡಬ್ಬಿ ಕಾಣವಲ್ದು. ಹೊತ್ತು ನೆತ್ತಿಗಿ ಬಂತು, ಇನ್ನಾ ಹಲ್ಲು ತಿಕ್ಕಿಲ್ಲ. ಶಹಾಬಾದದಾಗ ಇಂಥಾ ಅನಾಹುತ, ಫರಸಿ ಕಲ್ಲಿನ ಖಣಿಯೊಳಗ ನೀರು ನುಗ್ಗಿದಾಗ ಸೈತ ಆಗಿದ್ದಿಲ್ಲ.

ಯಾಕ ನಗಲಿಕತ್ತಿ?

ತಂಬಾಕಾ? ಮಿಶ್ರಿ ತಂಬಾಕ ಹ್ಯಾಂಗಾಗ್ತದ? ತಂಬಾಕ ಹುರಿದು ಪುಡಿ ಮಾಡಿದ್ದು, ಖರೆ. ಕರ್ರಗ ಹುರಿದ ಮ್ಯಾಲ ಅದು ತಂಬಾಕ ಉಳೀತದೇನು? ಹಲ್ಲಿನ ಪುಡಿ ಆಗ್ತದ. ನಮ್ಮವ್ವನೂ ತಿಕ್ಕತಾಳ. ಅಕಿಗಿ ಯಾರಾದ್ರೂ ತಂಬಾಕಿನ ಚಟ ಅದ ಅಂತಾರೇನು?

ಬೀಡಿ ಬಿಟ್ಟೀನಲ್ಲ. ಯುಗಾದಿಯಿಂದ ಒಂದೂ ಮುಟ್ಟಿಲ್ಲ. ಖಣಿಯೊಳಗ ಖಾಜಾಮಿಯಾ ಎದುರಿಗೇ ಕುಂತು ಸೇದತಾನ. ನಾ ಗಾಳಿ ಯಾವ ಕಡಿಗಿ ಅದ ನೋಡಿ ಕುಂದರ್ತೀನಿ, ಅಷ್ಟ. ಡಾಕ್ಟರ್ ಬಿಡು ಅಂದ, ಬಿಟ್ಟೆ. ಕೆಮ್ಮಿನ ಸಲುವಾಗಿ. ಆವಾಗೇ ಹೇಳೀನಲ್ಲ ನಿನಗ. "ಶಿವರಾಯಾ, ತಂಬಾಕ ಪೂರಾ ಬಿಟ್ಟು ನೋಡು, ಅವು ಮತ್ತ ಓಡ್ಯಾಡಬಹುದು" ಅಂದಾನ.

ಯಾವು ಅಂದ್ರ? ...ಕಾಲು. ನನ್ನ ಕಾಲು.

ಹಂಗ್ಯಾಕ ನೋಡ್ತಿ? ಕೆಮ್ಮಿಗೂ ಕಾಲಿಗೂ ಏನೋ ಸಂಬಂಧ ಇರ್ತದ. ಅಂವ ಓದಿದಾಂವ.

ಅದು ಬಿಡು. ನಾಳಿ ಮುಂಜಾನಿ ಅವ್ವ ಐನಾಪುರಕ್ಕ ಹೊಂಟಾಳ, ನನಗ ಇನ್ನೊಂದು ಹೆಣ್ಣು ನೋಡಲಿಕ್ಕ. ನನಗೆಲ್ಲಿ ಮನಸದ? ಆದ್ರ ಲಗ್ನ ಆಗಿ ಇಷ್ಟು ವರ್ಷ ಆತು, ತೊಟ್ಟಿಲ ಕಟ್ಟಲಿಲ್ಲ ಅಂತಾಳ. ನಾನೂ ನಿನ್ನ ಕಡಿಂದ ಭಾಳ ವಾದ ಮಾಡೀನಿ. "ದ್ರೌಪದಿ ರೊಟ್ಟಿ ಛಲೋ ಬಡೀತಾಳ" ಅಂತ ಎರಡು ಸಲ ಅಂದೀನಿ.

ಈಗ ನಗು ಎಲ್ಲಿಗಿ ಹೋತು? ಬೈಯೂದಿದ್ರ ಬೈ.

ಡಬ್ಬಿ ನೀನೇ ಒಗದಿ, ಹೌದಿಲ್ಲೋ? ಮಿಶ್ರಿನೂ ತಂಬಾಕೇ ಅಂತ ನಿನಗ ಹೇಳಿದವರು ಯಾರು? ...ಡಾಕ್ಟರಾ? ನೀ ಯಾವಾಗ ಹೋಗಿದ್ದಿ ಅಲ್ಲಿಗಿ?

ಹಂಗಾದ್ರ ಅಂವ ಎಲ್ಲಾ ಹೇಳ್ಯಾನ. ನಿನ್ನೊಳಗ ಏನೂ ಕಮ್ಮಿ ಇಲ್ಲ ಅನ್ನೂದೂ? ನನ್ನ ವೀರ್ಯದ ಹುಳ ಕಮ್ಮಿ ಅವ, ಇದ್ದವೂ ಮಧ್ಯಾಹ್ನದ ಕೂಲ್ಯಾಳಿನಂಗ ಕುಂತಬಿಟ್ಟಾವ ಅನ್ನೂದೂ?

ಗೊತ್ತಿದ್ದೂ ಅವ್ವನ ಬಾಯಿಲೆ ಬಂಜಿ ಅನಿಸಿಕೊಂಡು ಕುಂತೆಲ್ಲ. ಅಕಿಗಿ ಒಂದು ಮಾತು ಅನಬಾರದಾ?

ಅವ್ವನ ಖೋಲಿ ಕಡಿಗಿ ಯಾಕ ಕೈ ಮಾಡ್ತಿ?

...ನಾ ಅನ್ನಬೇಕೇನು?

ಅವ್ವಾ, ಚೀಲ ಬಿಚ್ಚು. ನಾಳಿ ಐನಾಪುರಕ್ಕ ಹೋಗೂದಿಲ್ಲ. ದೋಷ ದ್ರೌಪದೀದಲ್ಲ, ನಂದದ.