ಒಣಗದ ಪೇಟ

ಇದು ನಮ್ಮ ಚಿಕ್ಕಮ್ಮನ ಮಗ ನಿಂಗರಾಜನಿಗೆ ಆದದ್ದು. ಹೋದ ತಿಂಗಳು, ಕೋಣನಕುಂಟೆಯಲ್ಲಿ. ರಾತ್ರಿ ಕೆಲಸ ಮುಗಿಸಿ, ಹಳೇ ಊರಬಾವಿ ದಾಟಿ ರೂಮಿಗೆ ನಡೆದು ಹೋಗುತ್ತಿದ್ದ. ಬಾವಿಯಲ್ಲಿ ನೀರಿಲ್ಲ. ಮಣ್ಣು ತುಂಬಿ ವರ್ಷಗಳಾಗಿವೆ. ಇದನ್ನು ನೆನಪಿಡಿ.

ಕೈಯಲ್ಲಿ ಒಂದು ಪೇಟ ಇತ್ತು. ಯಾಕೆ ಅಂದರೆ, ಅವನು ಜೆ.ಪಿ. ನಗರದ ಕಲ್ಯಾಣ ಮಂಟಪಗಳಲ್ಲಿ ರಾಜನ ಕಾವಲುಗಾರನ ವೇಷ ಹಾಕಿ ಬಾಗಿಲಲ್ಲಿ ನಿಲ್ಲುತ್ತಿದ್ದ. ಅವತ್ತಿನ ಮದುವೆಗೆ ಸಿಖ್ ಸಂಸ್ಥಾನದ ಅರಮನೆಯಂತೆ ಅಲಂಕಾರ. ಪೇಟ ರೆಡಿಮೇಡ್. ಒಳಗೆ ಸ್ಪಂಜು, ಸುತ್ತ ಗೋಂದು, ಟೋಪಿಯಂತೆ ತಲೆಗೆ ಇಟ್ಟುಕೊಳ್ಳೋದು. ಇದನ್ನೂ ನೆನಪಿಡಿ.

ನೆಂಟರಿಗೆ ಸರಿಯಾಗಿ ಬಗ್ಗಲಿಲ್ಲ ಅಂತ ಇವೆಂಟ್ ಕಂಪನಿಯ ಲತಾಮಣಿ ಮೇಡಂಗೆ ಕೋಪ. ಎಲ್ಲರ ಎದುರಿಗೇ ಪೇಟ ಕಿತ್ತು ಚಪ್ಪಲಿ ರಾಶಿಗೆ ಎಸೆದರು. "ಈ ತಲೆಗೆ ಇದೊಂದು ಕೇಡು! ಒರೆಸಿ ನಾಳೆ ತಗೊಂಡ್ ಬಾ." ಇವನು ಸುಮ್ಮನೆ ನಿಂತ. ನೆನೆದರೆ ನನಗೆ ಈಗಲೂ ಮೈ ಉರಿಯುತ್ತೆ.

ಬಾವಿ ಹತ್ತಿರ... ಸರಕ್... ಸರಕ್... ಬಟ್ಟೆ ಕಲ್ಲಿಗೆ ಉಜ್ಜುವ ಸದ್ದು. ಆಮೇಲೆ ಟಣ್. ಉಕ್ಕಿನ ಬಳೆ ಕಲ್ಲಿಗೆ ತಾಗಿದ್ದು. ಕಟ್ಟೆ ಮೇಲೆ ಒಬ್ಬ ಮುದುಕ. ಬಿಳಿ ಗಡ್ಡ. ತಲೆ ಮೇಲೆ ಏನೂ ಇಲ್ಲ, ಉದ್ದ ಕೂದಲು ಕೆದರಿತ್ತು. ಗಡ್ಡ, ಬಳೆ ನೋಡಿದರೆ ಸಿಖ್ಖ; ಆದರೆ ಸಿಖ್ಖರು ಪೇಟ ಇಲ್ಲದೆ ಬೀದಿಗೆ ಬರಲ್ಲ, ಅದಕ್ಕೇ ಇವನು ಹೆದರಿದ. ಮುದುಕನದು ಹಿಂದಿಯಂಥ ಮಾತು. ನಾನು ಕನ್ನಡದಲ್ಲೇ ಹೇಳ್ತೀನಿ.

"ನಿನ್ನ ಪೇಟ ಯಾರು ತೆಗೆದದ್ದು?" ಪಿಸುದನಿ.

"ನಮ್ ಮೇಡಂ ರೀ..."

"ನೀನು?"

"ಸುಮ್ನ ನಿಂತಿದ್ದೆ."

"ನಾನೂ." ಮುದುಕ ಹಲ್ಲು ಕಟಕಟ ಕಡಿದ. "ನಮ್ಮದು ಸಣ್ಣ ಸಂಸ್ಥಾನ. ದೊರೆಯ ಅಜ್ಜ ಬ್ರಿಟಿಷರಿಗೆ ಕುದುರೆಪಡೆ ಕೊಟ್ಟ, ಬಿರುದು ಪಡೆದ. ನಮ್ಮ ದೊರೆ ಅವರಿಗೆ ತಲೆಬಾಗಲಿಲ್ಲ. ಗಾದಿಯಿಂದ ಇಳಿಸಿ, ನಮ್ಮನ್ನೆಲ್ಲ ಈ ದಕ್ಷಿಣಕ್ಕೆ ಅಟ್ಟಿದರು. ಅಟ್ಟುವ ಮುಂಚೆ ದರ್ಬಾರಿನಲ್ಲೇ ದೊರೆಯ ಪೇಟ ತೆಗೆಸಿದರು. ಗಾದಿ ತಾನಾಗಿ ಬಿಟ್ಟುಕೊಟ್ಟ ಅಂತ ಡಂಗುರ ಹೊಡೆಸಿದರು. ಸುಳ್ಳು! ಬಾಗಿಲಲ್ಲಿ ಕಾವಲಿಗೆ ನಾನಿದ್ದೆ... ಕೈಯಲ್ಲಿ ಕತ್ತಿ ಇತ್ತು."

ಪೇಟ ಕಸಿದುಕೊಂಡ. ಅದು ಅವನ ಕೈಯಲ್ಲಿ ಉದ್ದಕ್ಕೆ ಬಿಚ್ಚಿಕೊಂಡಿತು. ಬಾವಿಗೆ ಇಳಿಬಿಟ್ಟ. ಬುಳುಕ್... ನೀರು! ಹಿಂಡಿ, ನಿಂಗರಾಜನ ತಲೆಗೆ ಬಿಗಿಯಾಗಿ ಸುತ್ತಿದ.

"ಇನ್ನು ಯಾರಿಗೂ ಮುಟ್ಟಲು ಬಿಡಬೇಡ."

ಇವನು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕಟ್ಟೆ ಖಾಲಿ.

ಮರುದಿನ ಅದನ್ನೇ ಸುತ್ತಿಕೊಂಡು ಕೆಲಸಕ್ಕೆ ಹೋದ. "ಏಯ್, ಇದೇನೋ? ನನ್ನ ಪೇಟ ಎಲ್ಲಿ?" ಅಂತ ಮೇಡಂ ಕೈ ಚಾಚಿದರು.

"ಮುಟ್ಟಬ್ಯಾಡ್ರಿ. ನಿನ್ನೆ ಎಲ್ಲಾರ ಮುಂದ ಕಿತ್ತೀರಿ. ಎಲ್ಲಾರ ಮುಂದನ ತಪ್ಪಾತು ಅನ್ರಿ."

ಅನ್ನಲಿಲ್ಲ. ಕೆಲಸ ಹೋಯಿತು. ಅವತ್ತು ಪೇಟ ಮಾತ್ರ ತಲೆಯಿಂದ ಇಳಿಯಲಿಲ್ಲ.

ನೀವು ನಂಬಲ್ಲ, ಗೊತ್ತು. ಅದೀಗ ಅವನ ರೂಮಿನ ತಾರಸಿಯಲ್ಲಿ, ತಂತಿ ಮೇಲಿದೆ. ಸ್ಪಂಜಿಲ್ಲ, ಗೋಂದಿಲ್ಲ, ಒಂದು ಹೊಲಿಗೆಯೂ ಇಲ್ಲ. ಒಂದೇ ಉದ್ದ ಬಟ್ಟೆ. ಈ ಬಿಸಿಲಿಗೆ ದಿನಾ ಒಣಹಾಕ್ತಾನೆ. ಮೊನ್ನೆ ನಾನೇ ಹೋಗಿ, ಅವನನ್ನು ಒಪ್ಪಿಸಿ, ಈ ಕೈಯಲ್ಲೇ ಹಿಂಡಿ ನೋಡಿದೆ.

ನೀರು ಬಂತು.